ಕೀಚಕನಿಗೆ ಬೆದರಿದ ಸರಕಾರ

2012ರಲ್ಲಿ ಬಂದ ಜಪಾನಿನ ಅನಿಮೆ ‘ಎಕೆಬಿ0048’ರಲ್ಲಿ ಹಲವು ಗ್ರಹಗಳಲ್ಲಿ ಮನರಂಜನೆಗೇ ನಿಷೇಧ. ಗಾಯಕಿಯರ ದಂಡೊಂದು ಹಾಡುತ್ತಲೇ ಕಾದಾಡಿ ಅದನ್ನು ಮುರಿಯುತ್ತದೆ. ನಾಗಾವಿಯಲ್ಲಿ ಕೂತು ನೋಡಿದ ನನಗೆ ನೆನಪಾದದ್ದು ಗದಗ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲ.

ಬ್ರಿಟಿಷರು 1876ರಲ್ಲೇ ನಾಟಕ ಪ್ರದರ್ಶನ ಕಾಯ್ದೆ ತಂದಿದ್ದರು. ಸರಕಾರದ ಮೇಲೆ ಅಸಮಾಧಾನ ಹುಟ್ಟಿಸುತ್ತದೆ ಅನ್ನಿಸಿದರೆ ಸಾಕು, ಆಟ ಬಂದ್. ಕೃಷ್ಣಾಜಿ ಪ್ರಭಾಕರ ಖಾಡಿಲ್ಕರರ ಮರಾಠಿ ನಾಟಕ ‘ಕೀಚಕವಧ’ 1907ರಲ್ಲಿ ರಂಗಕ್ಕೆ ಬಂತು. ಕತೆ ಮಹಾಭಾರತದ್ದೇ. ಆದರೆ ಜನ ಕೀಚಕನಲ್ಲಿ ಕರ್ಜನ್‌ನನ್ನು ಕಂಡರು, ದ್ರೌಪದಿಯಲ್ಲಿ ದೇಶವನ್ನು. ತಾಳಿಕೊಳ್ಳೆನ್ನುವ ಧರ್ಮರಾಯ ಮಂದಗಾಮಿಯಾದ, ಭೀಮ ತೀವ್ರಗಾಮಿಯಾದ. 1910ರಲ್ಲಿ ಮುಂಬಯಿ ಸರಕಾರ ನಾಟಕವನ್ನು ನಿಷೇಧಿಸಿತು.

ಅದೇ ಕೀಚಕನ ಕತೆಯನ್ನು ಕುಮಾರವ್ಯಾಸ ಗದಗಿನ ವೀರನಾರಾಯಣನ ಸನ್ನಿಧಿಯಲ್ಲಿ ಹೇಳಿ ಆಗಲೇ ಶತಮಾನಗಳು ಕಳೆದಿದ್ದವು. ಭಾರತ ವಾಚನ ಕೇಳುತ್ತ ಭೀಮನಿಗೆ ತಲೆದೂಗಿದ ಸೀಮೆಗೆ ವಿರಾಟಪರ್ವ ಮರೆಸುವ ಕಾಯ್ದೆ ಎಲ್ಲಿತ್ತು? ವೇಷ ಕಳಚಿಸಬಹುದಿತ್ತು, ಅಷ್ಟೇ. (ಪೌರಾಣಿಕ ನಾಟಕವೆಂದರೆ ಮೂಗು ಮುರಿಯುವ ಗೆಳೆಯರು ಇದನ್ನು ಗಮನಿಸಬೇಕು.)

ಸ್ವಾತಂತ್ರ್ಯ ಬಂದ ಮೇಲೆ ನಾವೂ ಆ ಕಾಯ್ದೆಯನ್ನು ಜೋಪಾನವಾಗಿಯೇ ಇಟ್ಟುಕೊಂಡೆವು. ನಮ್ಮ ರಾಜ್ಯ 1964ರಲ್ಲಿ ತನ್ನದೇ ಒಂದನ್ನು ಮಾಡಿಕೊಂಡಿತು. ಬ್ರಿಟಿಷರ ಮೂಲ ಕಾಯ್ದೆ ರದ್ದಾದದ್ದು 2018ರಲ್ಲಿ.