ಮುಂದಿನ ಮ್ಯಾನೇಜರ್ ಯಾರು? 1974ರ ಎರಡು ಆಯ್ಕೆಗಳ ಕತೆ



ಯಾವುದಾದರೂ ದೊಡ್ಡ ಫುಟ್‌ಬಾಲ್ ಕ್ಲಬ್ಬಿನ ಮ್ಯಾನೇಜರ್ ಕೆಲಸ ಬಿಟ್ಟ ಸುದ್ದಿ ಬಂದರೆ ಸಾಕು, ನಮ್ಮಲ್ಲಿ ಚರ್ಚೆ ಶುರು. ಇಂಗ್ಲೆಂಡಿನ ತಂಡಕ್ಕೆ ಯಾರು ಬರಬೇಕೆಂದು ನಾವು ಇಲ್ಲಿ ಕಾಸರಗೋಡಿನಲ್ಲಿ ಕೂತು ತೀರ್ಮಾನ ಮಾಡುತ್ತೇವೆ. ಒಬ್ಬರಿಗೆ ದೊಡ್ಡ ಹೆಸರಿನವರೇ ಆಗಬೇಕು. ಇನ್ನೊಬ್ಬರಿಗೆ ಕ್ಲಬ್ಬಿನ ಹಳೆಯ ಆಟಗಾರನೇ ಬೇಕು. ಮತ್ತೊಬ್ಬರು ಹಳಬರೇ ವಾಪಸ್ ಬರಲಿ ಎನ್ನುತ್ತಾರೆ.

ಇದು ಹೊಸ ಚರ್ಚೆಯೇನಲ್ಲ. 1974ರ ಜುಲೈ ತಿಂಗಳಲ್ಲಿ ಇಂಗ್ಲೆಂಡಿನ ಎರಡು ಅತ್ಯುತ್ತಮ ಕ್ಲಬ್ಬುಗಳಿಗೆ ಒಟ್ಟೊಟ್ಟಿಗೆ ಇದೇ ಪ್ರಶ್ನೆ ಎದುರಾಯಿತು. ಆ ವರ್ಷದ ಲೀಗ್ ಚಾಂಪಿಯನ್ ಲೀಡ್ಸ್ ಯುನೈಟೆಡ್. ಎರಡನೆಯ ಸ್ಥಾನ ಪಡೆದು, ಎಫ್‌ಎ ಕಪ್ ಗೆದ್ದದ್ದು ಲಿವರ್‌ಪೂಲ್. ಎರಡೂ ಕ್ಲಬ್ಬುಗಳನ್ನು ಕಟ್ಟಿ ಬೆಳೆಸಿದವರು ಒಂದೇ ತಿಂಗಳಲ್ಲಿ ಹೊರಟುಹೋದರು. ಎರಡು ಕ್ಲಬ್ಬುಗಳೂ ತದ್ವಿರುದ್ಧ ಆಯ್ಕೆ ಮಾಡಿದವು. ಹಾಗಾಗಿ ಈ ಕತೆ ಒಂದು ಪ್ರಯೋಗದ ಹಾಗಿದೆ.

ಮೊದಲು ಲಿವರ್‌ಪೂಲ್. ಬಿಲ್ ಶ್ಯಾಂಕ್ಲಿ 1959ರ ಡಿಸೆಂಬರಿನಲ್ಲಿ ಬಂದಾಗ ತಂಡ ಎರಡನೇ ಡಿವಿಷನ್ನಿನಲ್ಲಿತ್ತು. ಅವರು ಅದನ್ನು ಮೇಲಕ್ಕೆತ್ತಿ ಮೂರು ಸಲ ಲೀಗ್ ಗೆಲ್ಲಿಸಿದರು. ಬಂದರಿನ ಕಾರ್ಮಿಕರ ಆ ಊರಿನಲ್ಲಿ ಜನ ಅವರನ್ನು ಮನೆಯವರಂತೆ ಪ್ರೀತಿಸುತ್ತಿದ್ದರು. 1974ರ ಜುಲೈ 12ರಂದು, ಅರುವತ್ತನೆಯ ವಯಸ್ಸಿನಲ್ಲಿ, ಅವರು ನಿವೃತ್ತಿ ಘೋಷಿಸಿದರು. ಟಿವಿ ವರದಿಗಾರ ಬೀದಿಯಲ್ಲಿ ಅಭಿಮಾನಿಗಳಿಗೆ ಆ ಸುದ್ದಿ ಹೇಳುವ ದೃಶ್ಯ ಇಂದಿಗೂ ನೋಡಸಿಗುತ್ತದೆ. ಯಾರೂ ನಂಬುವುದಿಲ್ಲ. ತಮಾಷೆ ಮಾಡುತ್ತಿದ್ದೀರಾ ಎಂಬಂತೆ ಹುಡುಗರು ಅವನ ಮುಖ ನೋಡುತ್ತಾರೆ.

ಇಂಥವರ ಜಾಗಕ್ಕೆ ಯಾರು? ಕ್ಲಬ್ಬಿನ ಆಡಳಿತ ಮಂಡಳಿ ಹೊರಗೆ ದೂರ ಹುಡುಕಲಿಲ್ಲ. ಶ್ಯಾಂಕ್ಲಿಯವರ ಸಹಾಯಕ ಬಾಬ್ ಪೇಸ್ಲಿಯವರನ್ನು ಕೇಳಿತು.

ಪೇಸ್ಲಿಗೆ ಆಗ 55 ವರ್ಷ. ಡರ್ಹಮ್ ಪ್ರದೇಶದ ಗಣಿ ಕಾರ್ಮಿಕರ ಮಗ. 1939ರಲ್ಲಿ ಆಟಗಾರನಾಗಿ ಲಿವರ್‌ಪೂಲ್ ಸೇರಿದವರು, ಮಹಾಯುದ್ಧದಲ್ಲಿ ಸೈನಿಕರಾಗಿದ್ದು ಮತ್ತೆ ಅಲ್ಲಿಗೇ ಬಂದರು. 1950ರ ಎಫ್‌ಎ ಕಪ್ ಸೆಮಿಫೈನಲ್‌ನಲ್ಲಿ ಗೋಲು ಹೊಡೆದರೂ ಫೈನಲ್ ತಂಡದಲ್ಲಿ ಅವರಿಗೆ ಜಾಗ ಸಿಗಲಿಲ್ಲ. ಆದರೂ ಕ್ಲಬ್ ಬಿಡಲಿಲ್ಲ. ಆಟ ನಿಲ್ಲಿಸಿದ ಮೇಲೆ ಗಾಯಗೊಂಡ ಆಟಗಾರರ ಆರೈಕೆ ಕಲಿತರು, ಎರಡನೇ ತಂಡಕ್ಕೆ ತರಬೇತಿ ಕೊಟ್ಟರು. ಮಾತು ಕಡಿಮೆ. ಆನ್‌ಫೀಲ್ಡ್ ಮೈದಾನದಲ್ಲಿ ಬೂಟುಗಳನ್ನಿಡುವ ಒಂದು ಸಣ್ಣ ಕೋಣೆಯಿತ್ತು. ಅಲ್ಲಿ ಪೇಸ್ಲಿ, ಜೋ ಫೇಗನ್, ರೂಬೆನ್ ಬೆನೆಟ್ ಮುಂತಾದ ತರಬೇತುದಾರರು ಕೂತು ಯಾರ ಆಟ ಹೇಗಿದೆ, ಯಾರ ಕಾಲು ನೋಯುತ್ತಿದೆ ಎಂದು ಮಾತಾಡಿಕೊಳ್ಳುತ್ತಿದ್ದರು. ತಂಡದ ಗುಟ್ಟೆಲ್ಲ ಆ ಕೋಣೆಯಲ್ಲಿತ್ತು. ಅಭಿಮಾನಿಗಳ ಕಣ್ಣಿಗೆ ಬೀಳುತ್ತಿದ್ದದ್ದು ಮಾತ್ರ ಶ್ಯಾಂಕ್ಲಿ.

ಪೇಸ್ಲಿಗೆ ಆ ಹುದ್ದೆ ಬೇಕಿರಲಿಲ್ಲ. ಒತ್ತಾಯಕ್ಕೆ ಒಪ್ಪಿಕೊಂಡರು.

ಈಗ ಲೀಡ್ಸ್. ಅಲ್ಲಿ 1961ರಿಂದ ಮ್ಯಾನೇಜರ್ ಆಗಿದ್ದ ಡಾನ್ ರೆವಿ ಇಂಗ್ಲೆಂಡ್ ರಾಷ್ಟ್ರೀಯ ತಂಡಕ್ಕೆ ಹೋದರು. ಅವರು ಆಟಗಾರರನ್ನು ಒಂದು ಕುಟುಂಬದ ಹಾಗೆ ಇಟ್ಟಿದ್ದರು. ಪಂದ್ಯದ ಮುಂಚೆ ಎಲ್ಲರೂ ಒಟ್ಟಿಗೆ ಕೂತು ಬಿಂಗೊ ಆಡುವ ರೂಢಿಯೂ ಇತ್ತು. ತನ್ನ ನಂತರ ತಂಡದ ಆಟಗಾರ ಜಾನಿ ಗೈಲ್ಸ್ ಆಗಲಿ ಎಂದು ರೆವಿ ಸಲಹೆ ಕೊಟ್ಟಿದ್ದರು. ಆದರೆ ಮಂಡಳಿಗೆ ಬೇಕಾದದ್ದು ದೊಡ್ಡ ಹೆಸರು. ಅದು ಬ್ರಯನ್ ಕ್ಲಫ್ ಅವರನ್ನು ಕರೆತಂದಿತು.

ಕ್ಲಫ್ ಸಾಮಾನ್ಯರಲ್ಲ. 1972ರಲ್ಲಿ ಡರ್ಬಿ ಕೌಂಟಿಯನ್ನು ಲೀಗ್ ಚಾಂಪಿಯನ್ ಮಾಡಿದವರು. ಆದರೆ ಲೀಡ್ಸ್ ಆಟಗಾರರು ಒರಟರು, ಮೋಸಗಾರರು ಎಂದು ವರ್ಷಗಟ್ಟಲೆ ಟಿವಿಯಲ್ಲೂ ಪತ್ರಿಕೆಗಳಲ್ಲೂ ಟೀಕಿಸಿದವರೂ ಅವರೇ. ಬಂದ ಮೇಲೂ ಧಾಟಿ ಬದಲಾಗಲಿಲ್ಲ. ನಿಮ್ಮ ಪದಕಗಳನ್ನೆಲ್ಲ ಕಸದ ಬುಟ್ಟಿಗೆ ಹಾಕಬಹುದು, ನ್ಯಾಯವಾಗಿ ಗೆದ್ದದ್ದು ಒಂದೂ ಇಲ್ಲ ಎಂಬರ್ಥದ ಮಾತು ಅವರಿಂದ ಬಂತೆಂದು ಆಟಗಾರರು ಆಮೇಲೆ ಹೇಳಿದ್ದಾರೆ. ಡರ್ಬಿಯಲ್ಲಿ ಜೊತೆಗಿದ್ದ ಪೀಟರ್ ಟೇಲರ್ ಈ ಸಲ ಜೊತೆಗೆ ಬರಲಿಲ್ಲ. ಕ್ಲಫ್ ಅಲ್ಲಿ ಒಂಟಿ.

ಆಗಸ್ಟ್ 10ರಂದು ವೆಂಬ್ಲಿಯಲ್ಲಿ ಚಾರಿಟಿ ಶೀಲ್ಡ್ ಪಂದ್ಯಕ್ಕೆ ಈ ಎರಡೂ ತಂಡಗಳು ಎದುರಾದವು. ಲಿವರ್‌ಪೂಲನ್ನು ಮೈದಾನಕ್ಕೆ ಕೊನೆಯ ಬಾರಿ ಕರೆತಂದದ್ದು ಶ್ಯಾಂಕ್ಲಿ. ಪೇಸ್ಲಿ ಹಿಂದೆಯೇ ಉಳಿದರು. ಜಗಳವಾಡಿದ ಲಿವರ್‌ಪೂಲಿನ ಕೆವಿನ್ ಕೀಗನ್, ಲೀಡ್ಸ್ ನಾಯಕ ಬಿಲ್ಲಿ ಬ್ರೆಮ್ನರ್ ಇಬ್ಬರನ್ನೂ ರೆಫ್ರಿ ಹೊರಗೆ ಕಳಿಸಿದರು. 1-1 ಆದ ಪಂದ್ಯವನ್ನು ಪೆನಾಲ್ಟಿಯಲ್ಲಿ ಲಿವರ್‌ಪೂಲ್ ಗೆದ್ದಿತು.

ಮುಂದಿನದು ಅಂಕಿ ಅಂಶಗಳಲ್ಲೇ ಇದೆ. ಕ್ಲಫ್ ಕೈಕೆಳಗೆ ಲೀಡ್ಸ್ ಆಡಿದ ಆರು ಲೀಗ್ ಪಂದ್ಯಗಳಲ್ಲಿ ಗೆದ್ದದ್ದು ಒಂದೇ. ಸೆಪ್ಟೆಂಬರ್ 12ರಂದು ಅವರನ್ನು ತೆಗೆದುಹಾಕಲಾಯಿತು. ಒಟ್ಟು 44 ದಿನ. ಪೇಸ್ಲಿ ಒಂಬತ್ತು ಸೀಸನ್ ಇದ್ದರು. ಆರು ಲೀಗ್ ಪ್ರಶಸ್ತಿ, ಮೂರು ಯುರೋಪಿಯನ್ ಕಪ್ ಗೆದ್ದರು. 1983ರಲ್ಲಿ ಅವರು ನಿವೃತ್ತರಾದಾಗ ಅದೇ ಬೂಟ್ ಕೋಣೆಯ ಜೋ ಫೇಗನ್ ಬಂದು, ಮೊದಲ ವರ್ಷವೇ ಲೀಗ್, ಲೀಗ್ ಕಪ್, ಯುರೋಪಿಯನ್ ಕಪ್ ಮೂರನ್ನೂ ತಂದರು.

ಹಾಗಾದರೆ ಒಳಗಿನವರೇ ಒಳ್ಳೆಯವರು, ಹೊರಗಿನವರು ಬೇಡ ಎಂದು ಅರ್ಥವೇ? ಅಲ್ಲ. ಅದೇ ಕ್ಲಫ್ 1975ರ ಜನವರಿಯಲ್ಲಿ ಎರಡನೇ ಡಿವಿಷನ್ನಿನ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಸೇರಿದರು. ಮರುವರ್ಷ ಟೇಲರ್ ಕೂಡ ಜೊತೆಯಾದರು. 1978ರಲ್ಲಿ ಲೀಗ್ ಗೆದ್ದರು. 1979, 1980 ಎರಡು ವರ್ಷ ಸತತವಾಗಿ ಯುರೋಪಿಯನ್ ಕಪ್ ಗೆದ್ದರು. ಮೊದಲನೆಯ ಸಲ ಆರಂಭದ ಸುತ್ತಿನಲ್ಲೇ ಹೊರಗೆ ಹಾಕಿದ್ದು ಪೇಸ್ಲಿಯವರ ಲಿವರ್‌ಪೂಲನ್ನೇ! ಕ್ಲಫ್ ಅದೇ ಮನುಷ್ಯ, ಜಾಗ ಮಾತ್ರ ಬೇರೆ. ಫಾರೆಸ್ಟ್‌ನಲ್ಲಿ ಹೊಸದಾಗಿ ಕಟ್ಟುವ ಕೆಲಸವಿತ್ತು. ಲೀಡ್ಸ್‌ನಲ್ಲಿ ಬೇರೆಯವರು ಕಟ್ಟಿದ್ದನ್ನು ಗೌರವದಿಂದ ಕೈಗೆತ್ತಿಕೊಳ್ಳುವ ಕೆಲಸವಿತ್ತು. 'ಯಾರು ದೊಡ್ಡವರು' ಎಂದಷ್ಟೇ ಕೇಳಿದ ಲೀಡ್ಸ್ ಮಂಡಳಿ, 'ಇಲ್ಲಿ ಈಗ ಆಗಬೇಕಾದ ಕೆಲಸ ಯಾವುದು' ಎಂದು ಕೇಳಲಿಲ್ಲ.

ಇನ್ನೆರಡು ಸಂಗತಿ ನಾವು ಮರೆಯಬಾರದು. ಮೊದಲ ಸೀಸನ್ನಿನಲ್ಲಿ ಪೇಸ್ಲಿ ಲೀಗನ್ನೂ ಗೆಲ್ಲಲಿಲ್ಲ, ಕಪ್ಪನ್ನೂ ಗೆಲ್ಲಲಿಲ್ಲ. ಲೀಗಿನಲ್ಲಿ ಎರಡನೆಯ ಸ್ಥಾನಕ್ಕೇ ನಿಂತರು. ಆಗ ಕ್ಲಬ್ ಅವಸರ ಪಟ್ಟಿದ್ದರೆ ಮುಂದಿನ ಎಂಟು ವರ್ಷಗಳ ಚರಿತ್ರೆಯೇ ಇರುತ್ತಿರಲಿಲ್ಲ. ಇನ್ನೊಂದು ಸ್ವಲ್ಪ ನೋವಿನದು. ಶ್ಯಾಂಕ್ಲಿ ನಿವೃತ್ತರಾದ ಮೇಲೂ ತರಬೇತಿ ಮೈದಾನಕ್ಕೆ ಬರುತ್ತಿದ್ದರು. ಆಟಗಾರರು ಅಭ್ಯಾಸಬಲದಿಂದ ಅವರನ್ನೇ 'ಬಾಸ್' ಎನ್ನುತ್ತಿದ್ದರು. ಪೇಸ್ಲಿಗೆ ಮುಜುಗರ. ಕೊನೆಗೆ ಬರಬೇಡಿ ಎಂದು ಕ್ಲಬ್ ಹೇಳಬೇಕಾಯಿತು. ಶ್ಯಾಂಕ್ಲಿಗೆ ಅದು ಬಹಳ ಬೇಸರ ತಂದಿತು. ಬರುವವರಿಗೆ ಜಾಗ ಬಿಡುವುದು, ಹೋಗುವವರನ್ನು ಮರ್ಯಾದೆಯಿಂದ ಕಳಿಸಿಕೊಡುವುದು, ಎರಡೂ ಕಷ್ಟ. ಲಿವರ್‌ಪೂಲ್ ಮೊದಲನೆಯದರಲ್ಲಿ ಗೆದ್ದಿತು, ಎರಡನೆಯದರಲ್ಲಿ ಅಷ್ಟಾಗಿ ಗೆಲ್ಲಲಿಲ್ಲ.

ದೂರದ ಕ್ಲಬ್ಬಿನ ಮ್ಯಾನೇಜರ್ ಆಯ್ಕೆಯಲ್ಲಿ ನಮಗೆ ಓಟು ಇಲ್ಲ. ಆದರೆ ಊರಿನ ತಂಡಕ್ಕೆ ಕೋಚ್ ಯಾರು, ಯುವ ಸಂಘಕ್ಕೆ ಮುಂದಿನ ವರ್ಷ ಯಾರು ಎಂಬುದರಲ್ಲಿ ಇದೆ. ಅಲ್ಲಿಯೂ ನಾವು ಮೊದಲು ನೋಡುವುದು ಮೈಕ್ ಹಿಡಿದು ಚೆನ್ನಾಗಿ ಮಾತಾಡುವವರನ್ನು. ಪಂದ್ಯದ ದಿನ ಬೆಳಿಗ್ಗೆ ಬಂದು ಗೋಲಿನ ಬಲೆ ಕಟ್ಟುವವರು, ಔಷಧದ ಚೀಲ ಹೊರುವವರು, ಯಾರ ಮಂಡಿ ನೋಯುತ್ತಿದೆ ಎಂದು ಕೇಳದೆಯೇ ತಿಳಿದಿರುವವರು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಮುಂದಿನ ಸಲ ಹೆಸರು ಸೂಚಿಸುವ ಮುಂಚೆ ಅವರತ್ತಲೂ ಒಮ್ಮೆ ನೋಡೋಣ. ಆರಿಸಿದ ಮೇಲೆ, ಅವರು ಯಾರೇ ಇರಲಿ, ಕನಿಷ್ಠ ಒಂದು ಸೀಸನ್ ಅವರ ಜೊತೆ ನಿಲ್ಲೋಣ.