ಜೂನ್ 21: ಕೆ.ಆರ್.ಎಸ್. ಸೀಮೆಯ ದೀರ್ಘ ಹಗಲು

ವರ್ಷದ ಅತಿ ದೀರ್ಘ ಹಗಲು ಜೂನ್ 21ರ ಆಸುಪಾಸಿನಲ್ಲಿ ಬರುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಇದಕ್ಕೆಂದೇ ಹಬ್ಬವಿಲ್ಲ. ಆದರೆ ರೈತರ ಮಳೆ ಲೆಕ್ಕದಲ್ಲಿ ಆರಿದ್ರಾ ಮಳೆ ಹುಟ್ಟುವುದು ಇದೇ ಹೊತ್ತಿಗೆ.

ಸೂರ್ಯನ ಉತ್ತರದ ಗಡಿ

ಭೂಮಿಯ ಅಕ್ಷ ಸುಮಾರು 23.4 ಡಿಗ್ರಿ ವಾಲಿದೆ. ಹಾಗಾಗಿ ಅಂದು ಕರ್ಕಾಟಕ ಸಂಕ್ರಾಂತಿ ವೃತ್ತದ ಮೇಲಿರುವವರಿಗೆ ಸೂರ್ಯ ನಡುನೆತ್ತಿಗೆ ಬರುತ್ತಾನೆ. ಈ ವೃತ್ತ ಸೌದಿ ಅರೇಬಿಯಾ, ಯುಎಇ, ಒಮಾನ್‌ಗಳ ಮೂಲಕ ಹಾದುಹೋಗುತ್ತದೆ. ದುಬೈನಲ್ಲಿ ಅಂದಿನ ಹಗಲು ಸುಮಾರು 13 ಗಂಟೆ 40 ನಿಮಿಷ. ಬಿಸಿಲಿನ ಝಳಕ್ಕೆ ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಯಲಿನ ಕೆಲಸಕ್ಕೆ ನಿಷೇಧವಿದೆ.

ಶ್ರೀರಂಗಪಟ್ಟಣದಲ್ಲಿ ಹಗಲು ಸುಮಾರು 12 ಗಂಟೆ 50 ನಿಮಿಷ. ಇಲ್ಲಿ ಸೂರ್ಯ ಏಪ್ರಿಲ್ ಕೊನೆಯ ವಾರದ ಹೊತ್ತಿಗೇ ನೆತ್ತಿ ದಾಟಿ ಉತ್ತರಕ್ಕೆ ಸರಿದಿರುತ್ತಾನೆ. ಜೂನ್‌ನಲ್ಲಿ ಮುಂಗಾರು ಮೋಡ ಬಿಸಿಲನ್ನು ತಗ್ಗಿಸುತ್ತದೆ.

ಪಂಚಾಂಗದ ದಕ್ಷಿಣಾಯನ

ಸೂರ್ಯ ದಕ್ಷಿಣಕ್ಕೆ ತಿರುಗುವುದು ಜೂನ್ 21ರ ನಂತರ. ಆದರೆ ನಮ್ಮ ಪಂಚಾಂಗಗಳು ದಕ್ಷಿಣಾಯನವನ್ನು ಸಾಮಾನ್ಯವಾಗಿ ಜುಲೈ 16ರ ಸುಮಾರಿಗೆ ಬರುವ ಕರ್ಕಾಟಕ ಸಂಕ್ರಮಣದಿಂದ ಎಣಿಸುತ್ತವೆ. ಸುಮಾರು 1,700 ವರ್ಷಗಳ ಹಿಂದೆ ಇವೆರಡೂ ಕೂಡಿಬರುತ್ತಿದ್ದವು. ಭೂಮಿಯ ಅಕ್ಷ ನಿಧಾನವಾಗಿ ದಿಕ್ಕು ಬದಲಿಸುವುದರಿಂದ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಅಂತರ ಬೆಳೆದಿದೆ.

ಆರಿದ್ರಾ ಮಳೆ

ಸೂರ್ಯ ಮೃಗಶಿರಾ ನಕ್ಷತ್ರ ಬಿಟ್ಟು ಆರಿದ್ರಾ ಪ್ರವೇಶಿಸುವುದು ಜೂನ್ 21 ಅಥವಾ 22ಕ್ಕೆ. ಈ ಮಳೆಯ ಅವಧಿ ಸುಮಾರು 14 ದಿನ. ಕೆ.ಆರ್. ಪೇಟೆ, ನಾಗಮಂಗಲದ ಖುಷ್ಕಿ ಹೊಲಗಳಲ್ಲಿ ರಾಗಿಗೆ ಭೂಮಿ ಹದ ಮಾಡುವವರು ಮುಗಿಲು ನೋಡುತ್ತಾರೆ. ನಾಲೆ ನೀರಿನಲ್ಲಿ ಭತ್ತ, ಕಬ್ಬು ಬೆಳೆಯುವ ಶ್ರೀರಂಗಪಟ್ಟಣ, ಪಾಂಡವಪುರದವರ ಕಣ್ಣು ಕನ್ನಂಬಾಡಿ ಕಟ್ಟೆಯ, ಅಂದರೆ ಕೆ.ಆರ್.ಎಸ್. ಜಲಾಶಯದ, ಮಟ್ಟದ ಮೇಲೆ. ಅದರ ಗರಿಷ್ಠ ಮಟ್ಟ 124.80 ಅಡಿ. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳು ಒಳಹರಿವು ತರಬೇಕಾದರೆ ಕೊಡಗು, ಮಲೆನಾಡಿನಲ್ಲಿ ಮಳೆ ಹಿಡಿಯಬೇಕು.

ಯೋಗ ಮತ್ತು ನೆರಳು

2014ರಲ್ಲಿ ವಿಶ್ವಸಂಸ್ಥೆ ಜೂನ್ 21ನ್ನು ಅಂತರರಾಷ್ಟ್ರೀಯ ಯೋಗ ದಿನವೆಂದು ಘೋಷಿಸಿತು. 2022ರಲ್ಲಿ ರಾಷ್ಟ್ರಮಟ್ಟದ ಮುಖ್ಯ ಕಾರ್ಯಕ್ರಮ ಪಕ್ಕದ ಮೈಸೂರಿನ ಅರಮನೆ ಆವರಣದಲ್ಲೇ ನಡೆಯಿತು.

ಬೆಳಗ್ಗೆ ಯೋಗ ಮಾಡಿದ ಶಾಲಾ ಮಕ್ಕಳಿಗೆ ಮಧ್ಯಾಹ್ನ ಇನ್ನೊಂದು ಪಾಠ ಸಿಗಬೇಕು. ಒಂದು ಮೀಟರ್ ಕೋಲನ್ನು ನೇರವಾಗಿ ನೆಟ್ಟರೆ, ಮೋಡವಿಲ್ಲದಿದ್ದಲ್ಲಿ 12.25ರ ಸುಮಾರಿಗೆ ಅದರ ನೆರಳು ದಕ್ಷಿಣಕ್ಕೆ 19–20 ಸೆಂ.ಮೀ. ಬೀಳುತ್ತದೆ. ಡಿಸೆಂಬರ್ 21ರ ಮಧ್ಯಾಹ್ನ ಅದೇ ಕೋಲಿನ ನೆರಳು ಉತ್ತರಕ್ಕೆ ಸುಮಾರು 72 ಸೆಂ.ಮೀ. ಎರಡನ್ನೂ ಅಳೆದ ಮಗುವಿಗೆ ಉತ್ತರಾಯಣ, ದಕ್ಷಿಣಾಯನಗಳನ್ನು ಬಾಯಿಪಾಠ ಮಾಡಿಸಬೇಕಿಲ್ಲ.