ದೆವ್ವದಾಟಕ್ಕೆ ದುಡ್ಡು ಬೇಕಿಲ್ಲ

ಕಾಲೇಜಿನ ಎರಡನೆಯ ವರ್ಷದಲ್ಲಿರುವ ನನ್ನ ಮಗ ಈಚೆಗೆ ಒಂದು ಬೇಡಿಕೆ ಮುಂದಿಟ್ಟ. ಇಬ್ಬರು ಗೆಳೆಯರೊಡನೆ ಸೇರಿ ಕಂಪ್ಯೂಟರಿನಲ್ಲಿ ಆಡುವ ದೆವ್ವದ ಆಟವೊಂದನ್ನು ತಯಾರಿಸಬೇಕಂತೆ. ಅದಕ್ಕಾಗಿ ಓದಿಗೆ ಒಂದು ವರ್ಷ ಬಿಡುವು ಕೊಡಬೇಕಂತೆ. “ದೆವ್ವದ್ದೇ ಯಾಕೋ? ಬೇರೆ ಆಟ ಮಾಡಬಾರದೇ?” ಎಂದೆ. “ನಮ್ಮಂಥ ಚಿಕ್ಕವರು ಮಾಡಿದ ಆಟಗಳಲ್ಲಿ ಜನ ತಿರುಗಿ ನೋಡೋದು ಅದನ್ನೇ, ಅಪ್ಪಾ” ಎಂದ. ಹಳೆಯ ಕಡತ ನೋಡದೆ ಟಿಪ್ಪಣಿ ಬರೆದು ಗುಮಾಸ್ತನಾದ ನನಗೆ ಅಭ್ಯಾಸವಿಲ್ಲ. ಹೀಗಾಗಿ ಈ ಆಟಗಳ ಚರಿತ್ರೆಯನ್ನು ಕೆದಕಿದೆ. ಸಿಕ್ಕಿದ್ದನ್ನು, ಇಂಥದೇ ಪೇಚಿನಲ್ಲಿರಬಹುದಾದ ನಮ್ಮ ಸಂಘದ ಇತರ ತಂದೆತಾಯಿಗಳ ಮುಂದಿಡುತ್ತಿದ್ದೇನೆ.

ದೊಡ್ಡ ಕಂಪೆನಿಗಳ ಹಂಗಿಲ್ಲದೆ ಒಬ್ಬರೋ ನಾಲ್ವರೋ ಸೇರಿ ಸ್ವಂತವಾಗಿ ತಯಾರಿಸುವ ಆಟಕ್ಕೆ ‘ಇಂಡೀ’ ಆಟವೆಂದು ಹೆಸರು. ಆದರೆ ಭಯಾನಕ ಆಟದ ಮೊದಲ ಗುಟ್ಟು ದೊಡ್ಡ ಕಂಪೆನಿಗಳಲ್ಲೇ ಹೊರಬಿದ್ದಿತು. 1982ರಲ್ಲಿ ಅಮೆರಿಕದ ಅಟಾರಿ ಕಂಪೆನಿ ‘ಹಾಂಟೆಡ್ ಹೌಸ್’ ಎಂಬ ಆಟವನ್ನು ತಂದಿತು. ಅದು ನಡೆಯುತ್ತಿದ್ದ ಯಂತ್ರದ ಸ್ಮೃತಿ ಕೇವಲ 128 ಬೈಟ್. ಕನ್ನಡದ ಒಂದು ಉದ್ದನೆಯ ಸಾಲನ್ನು ಕೂಡ ಅದರಲ್ಲಿ ಹಿಡಿಸುವುದು ಕಷ್ಟ! ಅಷ್ಟರಲ್ಲಿ ಮನುಷ್ಯನ ಆಕೃತಿಯನ್ನು ಬರೆಯುವ ಗೋಜಿಗೇ ಹೋಗದೆ, ಕತ್ತಲಲ್ಲಿ ಎರಡು ಕಣ್ಣುಗಳನ್ನಷ್ಟೇ ಬರೆದರು. ಬೆಂಕಿಕಡ್ಡಿ ಗೀರಿದಾಗ ಮಾತ್ರ ಹತ್ತಿರದ ವಸ್ತುಗಳು ಕಾಣುತ್ತಿದ್ದವು.

1999ರಲ್ಲಿ ಜಪಾನಿನ ಕೊನಾಮಿ ಕಂಪೆನಿಯ ‘ಸೈಲೆಂಟ್ ಹಿಲ್’ ಬಂದಿತು. ದೂರದ ಬೀದಿಗಳನ್ನೆಲ್ಲ ಬರೆದು ತೋರಿಸುವ ಶಕ್ತಿ ಆಗಿನ ಪ್ಲೇಸ್ಟೇಷನ್ ಯಂತ್ರಕ್ಕಿರಲಿಲ್ಲ. ತಯಾರಕರು ಊರಿಗೆ ಊರನ್ನೇ ಮಂಜಿನಿಂದ ಮುಚ್ಚಿಬಿಟ್ಟರು. ಕಾರು ಓಡಿಸುವ ಆಟದಲ್ಲಿ ಹೀಗೆ ಮಾಡಿದ್ದರೆ ಕೊಂಡವರು ಬೈಯುತ್ತಿದ್ದರು. ಇಲ್ಲಿಯಾದರೋ ಆ ಮಂಜೇ ಆಟದ ಹೆಗ್ಗಳಿಕೆಯಾಯಿತು. ಬೇರೆ ಆಟದಲ್ಲಿ ಬಡತನವಾಗಿ ಕಾಣುವುದು ದೆವ್ವದಾಟದಲ್ಲಿ ಭಯವಾಗಿ ಕಾಣುತ್ತದೆ. ಕೈಯಲ್ಲಿ ಕಾಸಿಲ್ಲದ ತಯಾರಕನಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೇನಿದ್ದೀತು?

ಇದನ್ನು ಚೆನ್ನಾಗಿ ಬಳಸಿಕೊಂಡವರಲ್ಲಿ ಸ್ವೀಡನ್ನಿನ ಫ್ರಿಕ್ಷನಲ್ ಗೇಮ್ಸ್ ಎಂಬ ಪುಟ್ಟ ತಂಡವೂ ಒಂದು. ಅವರು 2010ರಲ್ಲಿ ತಂದ ‘ಅಮ್ನೀಷಿಯಾ’ ಆಟದಲ್ಲಿ ಆಡುವವನ ಕೈಗೆ ಆಯುಧವನ್ನೇ ಕೊಡಲಿಲ್ಲ. ಓಡಬೇಕು, ಇಲ್ಲವೇ ಅಡಗಬೇಕು. ಅಡಗಿದ ಕತ್ತಲಲ್ಲೇ ಹೆಚ್ಚು ಹೊತ್ತು ಕುಳಿತರೆ ಬುದ್ಧಿಭ್ರಮಣೆ! ಅದೇ ದೇಶದ ಫೆಲಿಕ್ಸ್ ಶೆಲ್ಬರ್ಗ್ ಎಂಬ ತರುಣ ‘ಪ್ಯೂಡಿಪೈ’ ಎಂಬ ಹೆಸರಿನಲ್ಲಿ ಈ ಆಟವಾಡುತ್ತ, ತಾನು ಬೆಚ್ಚಿ ಕಿರಿಚುವುದನ್ನೆಲ್ಲ ಯೂಟ್ಯೂಬಿನಲ್ಲಿ ತೋರಿಸತೊಡಗಿದ. ಜನ ಮುಗಿಬಿದ್ದು ನೋಡಿದರು. ಚದುರಂಗ ಆಡುವವನ ಮುಖವನ್ನು ಅರ್ಧ ಗಂಟೆ ನೋಡುತ್ತ ಕೂರುವವರು ವಿರಳ. ಹೆದರಿದವನ ಮುಖ ನೋಡುವುದಕ್ಕೆ ಆಟದ ನಿಯಮವೂ ತಿಳಿದಿರಬೇಕಿಲ್ಲ, ಅವನ ಭಾಷೆಯೂ ಬೇಕಿಲ್ಲ. ಜಾಹೀರಾತಿಗೆ ಬಿಡಿಗಾಸು ಚೆಲ್ಲಲಾರದ ಚಿಕ್ಕ ತಯಾರಕರಿಗೆ ಹೀಗೆ ಪುಕ್ಕಟೆ ಡಂಗುರದವರು ದೊರೆತರು. 2012ರ ‘ಸ್ಲೆಂಡರ್’ ಆಟದಲ್ಲಿ ಇದ್ದುದು ಒಂದು ಕಾಡು, ಒಂದು ಟಾರ್ಚು, ಹುಡುಕಬೇಕಾದ ಎಂಟು ಹಾಳೆಗಳು, ಹಿಂದೆ ಬರುವ ಮುಖವಿಲ್ಲದ ಮನುಷ್ಯ, ಇಷ್ಟೆ. ಅದೂ ಇದೇ ದಾರಿಯಲ್ಲಿ ಲೋಕ ಸುತ್ತಿತು.

ಇವೆಲ್ಲಕ್ಕಿಂತ ನನಗೆ ಹಿಡಿಸಿದ್ದು ಅಮೆರಿಕದ ಸ್ಕಾಟ್ ಕಾಥನ್ ಎಂಬಾತನ ಕಥೆ. ವರ್ಷಗಟ್ಟಲೆ ಒಬ್ಬನೇ ಕುಳಿತು ಆಟಗಳನ್ನು ಮಾಡುತ್ತಿದ್ದ, ಯಾವುದೂ ಕೈಹಿಡಿಯಲಿಲ್ಲ. ಮರದ ವ್ಯಾಪಾರ ಮಾಡುವ ಪ್ರಾಣಿಗಳ ಮೇಲೆ ಮಕ್ಕಳಿಗೆಂದು ಒಂದು ಮುದ್ದಾದ ಆಟ ಮಾಡಿದ. ವಿಮರ್ಶಕರು, ಇವು ಪ್ರಾಣಿಗಳಲ್ಲ, ಕೀಲುಗೊಂಬೆಗಳು, ನೋಡಿದರೆ ದಿಗಿಲಾಗುತ್ತದೆ ಎಂದು ಹಳಿದರು. ನೊಂದ ಮನುಷ್ಯ ಕೊನೆಗೆ, ದಿಗಿಲೇ ಆಗಲಿ ಎಂದು ಕೀಲುಗೊಂಬೆಗಳನ್ನೇ ದೆವ್ವಗಳನ್ನಾಗಿ ಮಾಡಿ 2014ರ ಆಗಸ್ಟಿನಲ್ಲಿ ‘ಫೈವ್ ನೈಟ್ಸ್ ಅಟ್ ಫ್ರೆಡ್ಡೀಸ್’ ಆಟವನ್ನು ತಂದ. ಆಡುವವನು ರಾತ್ರಿ ಪಾಳಿಯ ಕಾವಲುಗಾರ. ನಡುರಾತ್ರಿಯಿಂದ ಬೆಳಗಿನ ಆರರ ತನಕ ಕ್ಯಾಮೆರಾಗಳಲ್ಲಿ ಗೊಂಬೆಗಳನ್ನು ಕಾಯಬೇಕು. ಬಾಗಿಲು ಮುಚ್ಚಿದರೆ ವಿದ್ಯುತ್ತು ಖರ್ಚಾಗುತ್ತದೆ, ವಿದ್ಯುತ್ತು ಮುಗಿದರೆ ಗೊಂಬೆ ಬರುತ್ತದೆ. ಕುರ್ಚಿ ಬಿಟ್ಟು ಏಳುವಂತಿಲ್ಲ. (ಈ ಕಷ್ಟ ನನಗೇನೂ ಹೊಸದಲ್ಲ.) ನಾಯಕ ನಡೆದಾಡದಿದ್ದರೆ ನಡಿಗೆ ಬರೆಯುವ ಶ್ರಮವೂ ಉಳಿಯಿತಲ್ಲ! ಸುಮಾರು ಮೂರು ತಿಂಗಳಲ್ಲೇ ಅದರ ಎರಡನೆಯ ಭಾಗವೂ ಬಂದಿತು. 2023ರಲ್ಲಿ ಸುಮಾರು 2 ಕೋಟಿ ಡಾಲರು ಹಾಕಿ ತೆಗೆದ ಇದರ ಚಲನಚಿತ್ರ 29 ಕೋಟಿಗೂ ಹೆಚ್ಚು ಗಳಿಸಿತು.

ಮಗ ಈ ಕಥೆಯನ್ನು ಹೇಳುವಾಗ ಹಿಂದಿನ ಸೋಲಿನ ವರ್ಷಗಳನ್ನು ನುಂಗಿಬಿಟ್ಟಿದ್ದ. ಸ್ಟೀಮ್ ಎಂಬ ಒಂದೇ ಮಾರಾಟತಾಣಕ್ಕೆ ಈಗ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಆಟಗಳು ಬಂದು ಬೀಳುತ್ತವೆ. ದೆವ್ವದಾಟ ಅಗ್ಗವೆಂಬುದು ಎಲ್ಲರಿಗೂ ಗೊತ್ತಾಗಿ ಅನುಕರಣೆಗಳಿಗೆ ಲೆಕ್ಕವಿಲ್ಲ. ನೋಡಿದವರೆಲ್ಲ ಕೊಳ್ಳುವವರೂ ಅಲ್ಲ. ಇನ್ನೊಬ್ಬ ಬೆಚ್ಚಿಬಿದ್ದುದನ್ನು ನೋಡಿ ನಕ್ಕರೆ ಹಲವರಿಗೆ ಅಷ್ಟೇ ಸಾಕು. ಭಯವೇ ಬೇಕೆಂಬುದೂ ಸುಳ್ಳು. 2016ರ ‘ಸ್ಟಾರ್ಡ್ಯೂ ವ್ಯಾಲಿ’ ಒಬ್ಬನೇ ಮಾಡಿದ, ಬೇಸಾಯದ ಆಟ, ಕೋಟಿಗಟ್ಟಲೆ ಮಾರಿದೆ. ಆದರೆ ಅದಕ್ಕೆ ಆತ ನಾಲ್ಕು ವರ್ಷಕ್ಕೂ ಮಿಗಿಲಾಗಿ ದುಡಿದ. ಅಷ್ಟು ವರ್ಷ ಮಗನನ್ನು ಸಾಕಲು ನನ್ನ ಸಂಬಳ ಒಪ್ಪುವುದಿಲ್ಲವಾದ್ದರಿಂದ ದೆವ್ವವೇ ವಾಸಿ ಎನ್ನಬೇಕು.

ಕೊನೆಗೆ ತೀರ್ಮಾನವಾದದ್ದು ಹೀಗೆ. ಓದು ಬಿಡುವಂತಿಲ್ಲ, ಬೇಸಿಗೆ ರಜೆ ಪೂರ್ತಿ ಅವನದು, ಅತ್ತೆಯ ಮನೆಯ ಮದುವೆಗೂ ಬರಬೇಕಿಲ್ಲ. ಆಟ ಎಲ್ಲಿ ನಡೆಯುತ್ತದೆಂದು ಕೇಳಿದೆ. ನಮ್ಮ ಕ್ವಾರ್ಟರ್ಸಿನ ಮೆಟ್ಟಿಲಿನಲ್ಲಂತೆ. ಮೂರನೆಯ ಮಹಡಿಯ ಬಲ್ಬು ಹೋಗಿ ತಿಂಗಳುಗಳಾದವು. ಅದನ್ನು ಸದ್ಯಕ್ಕೆ ಹಾಕಿಸಬೇಡಿ ಎಂದಿದ್ದಾನೆ.